ಸ್ವಂತ ಮನೆ ಕೆಲಸ: ಯಾವುದಕ್ಕೆ ನಾವೇ ಇಳಿಯಬೇಕು, ಯಾವುದನ್ನ ಮೇಸ್ತ್ರಿಗೆ ಬಿಡಬೇಕು?

ಚಳ್ಳಕೆರೆ/ಮೊಳಕಾಲ್ಮುರು: ಮನೆ ಕಟ್ಟೋಕೆ ಹೊರಟವರು ಮೊದಲು ಹೇಳೋ ಮಾತು, "ಕೂಲಿ ಕೆಲಸ ನಾವೇ ಮಾಡ್ಕೋತೀವಿ, ಒಂದಷ್ಟು ದುಡ್ಡು ಉಳಿಯುತ್ತೆ". ಉಳಿಯೋದು ನಿಜ. ಆದರೆ ಎಲ್ಲಾ ಕೆಲಸದಲ್ಲೂ ಉಳಿಯಲ್ಲ.

ನಿಮ್ಮ ದಿನದ ದುಡಿಮೆ ಎಷ್ಟು?
ಹೆಲ್ಪರ್‌ಗೆ ಕೊಡೋ ಕೂಲಿಗಿಂತ ಅಂಗಡಿಯ ದಿನದ ಲಾಭ ಜಾಸ್ತಿ ಇದ್ದರೆ, ಬಾಗಿಲು ಹಾಕಿ ಮರಳು ಹೊರೋದು ನಷ್ಟವೇ. ಶೇಂಗಾ ಬಿತ್ತೋ, ಕೀಳೋ ಟೈಮಲ್ಲಿ ಪಾಯ ಶುರು ಮಾಡಿದರೆ ಹೊಲವೂ ಕೆಡುತ್ತೆ, ಮನೆಯೂ ನಿಲ್ಲುತ್ತೆ. ಮೊಳಕಾಲ್ಮುರು ಕಡೆ ಮಗ್ಗದವರು ಇನ್ನೊಂದು ಯೋಚಿಸಬೇಕು: ಸಿಮೆಂಟಿಗೆ ಅಂಗೈ ಒಡೆದರೆ ರೇಷ್ಮೆ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತೆ.

ನೀವೇ ಮಾಡಬಹುದಾದ್ದು
ಮೇಸ್ತ್ರಿ ಗುರುತು ಹಾಕಿದ ಮೇಲೆ ಪಾಯ ಅಗೆಯೋದು, ಕಲ್ಲು-ಇಟ್ಟಿಗೆ ಹೊರೋದು, ಮಣ್ಣು ತುಂಬಿ ದಮ್ಮಸ್ಸು ಮಾಡೋದು, ಸುಣ್ಣ-ಬಣ್ಣ. ಎಲ್ಲಕ್ಕಿಂತ ಮುಖ್ಯ ಕ್ಯೂರಿಂಗ್. ನಮ್ಮಂಥ ಬಿಸಿಲು, ಒಣ ಗಾಳಿಯ ಕಡೆ ಕಾಂಕ್ರೀಟ್‌ಗೆ ಒಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ, ಪಿಪಿಸಿ ಆದರೆ 14 ದಿನ ನೀರು ಆರಬಾರದು. ಕೂಲಿಯವರು ಬಂದು ಪೈಪ್ ಹಿಡಿದು ಹೋಗ್ತಾರೆ. ಮನೆಯವರೇ ನಿಂತರೆ ಮಾತ್ರ ಬೆಳಗ್ಗೆ, ಸಂಜೆ ತಪ್ಪಲ್ಲ.

ಮೇಸ್ತ್ರಿಗೆ ಬಿಡಬೇಕಾದ್ದು
ಕಂಬಿ ಕಟ್ಟೋದು, ಸೆಂಟ್ರಿಂಗ್, ಮೋಲ್ಡ್. ವೈರಿಂಗ್‌ಗೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಬೇಕು. ಸುಲಭದ ಲೆಕ್ಕ ಇಷ್ಟೇ: ತಪ್ಪಾದರೆ ಇನ್ನೊಮ್ಮೆ ಮಾಡಬಹುದಾದ ಕೆಲಸ ನಿಮ್ಮದು, ತಪ್ಪಾದರೆ ಒಡೆಯಲೇಬೇಕಾದ ಕೆಲಸ ಕಲಿತವರದ್ದು. ಹಾಗಂತ ಮೋಲ್ಡ್ ದಿನ ದೂರ ಇರಬೇಡಿ. ಎಂ20 ಕಾಂಕ್ರೀಟಿಗೆ 50 ಕೆಜಿ ಚೀಲಕ್ಕೆ 30 ಲೀಟರ್‌ಗಿಂತ ಹೆಚ್ಚು ನೀರು ಹಾಕಿಸಬೇಡಿ.

ಸರ್ಕಾರದ ಮನೆ ಆದರೆ
ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಗೆ 1.20 ಲಕ್ಷ ರೂ. ಸಹಾಯಧನ. ಇದರಲ್ಲಿ ಗುತ್ತಿಗೆದಾರರಿಗೆ ವಹಿಸೋ ಹಾಗಿಲ್ಲ, ಫಲಾನುಭವಿಯೇ ನಿಂತು ಕಟ್ಟಿಸಬೇಕು. ನಿಮ್ಮ ಮನೆಗೆ ನೀವು ಮಾಡಿದ ಕೆಲಸಕ್ಕೂ ನರೇಗಾದಲ್ಲಿ 90 ದಿನದ ಕೂಲಿ ಇತ್ತು. 2025-26ರ ದರ 370 ರೂ.ನಂತೆ ಒಟ್ಟು 33,300 ರೂ. ಈಗಿನ ದರ, ನಿಯಮ ಕೆಲಸ ಶುರುವಾಗೋ ಮೊದಲೇ ಪಿಡಿಒ ಹತ್ತಿರ ಕೇಳಿಕೊಳ್ಳಿ. ಇನ್ನು ಕಂತು ಬರೋದು ಪಾಯ, ಲಿಂಟಲ್, ಛಾವಣಿ ಅಂತ ಹಂತದ ಫೋಟೋ ಮೇಲೆ. ಕೂಲಿ ಉಳಿಸೋಕೆ ಹೋಗಿ ಕೆಲಸ ಎಳೆದಾಡಿದರೆ ಕಂತೂ ನಿಲ್ಲುತ್ತೆ, ಕೈಸಾಲದ ಬಡ್ಡಿ ಬೆಳೆಯುತ್ತೆ.

ಮಾತು ಮೊದಲೇ ಆಗಲಿ
ಚದರದ ಲೆಕ್ಕದಲ್ಲಿ ಗುತ್ತಿಗೆ ಕೊಡೋರು ಯಾವ ಕೆಲಸ ನಿಮ್ಮದು, ಯಾವುದು ಮೇಸ್ತ್ರಿದು ಅಂತ ಚೀಟಿಲಿ ಬರೆದು, ಅಷ್ಟು ರೇಟ್ ಇಳಿಸಿಕೊಳ್ಳಿ. ಇಲ್ಲದಿದ್ದರೆ ಮೈಯೂ ನೋವು, ದುಡ್ಡೂ ಪೂರ್ತಿ.