ಹೊಯ್ಸಳ ನಾಡೂ ಹವಳವೂ

ಹಳೇಬೀಡಿಗೆ ಪೂರ್ವದಲ್ಲಿ ದೋರಸಮುದ್ರವೆಂಬ ಹೆಸರಿದ್ದಿತು. ಆ ಸಮುದ್ರವು ಕೆರೆಯೇ ಹೊರತು ಕಡಲಲ್ಲ. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಘಟ್ಟದ ಮೇಲಣ ಊರುಗಳು. ಆದರೂ ಕಡಲಿನ ಒಂದು ವಸ್ತು ಈ ನಾಡಿನ ನುಡಿಯಲ್ಲಿಯೂ ಒಡವೆಯಲ್ಲಿಯೂ ನೆಲೆನಿಂತಿದೆ. ಸಂಸ್ಕೃತದ ಪ್ರವಾಳವು ಕನ್ನಡದಲ್ಲಿ ಪವಳವಾಗಿ, ಪೊಯ್ಸಳರು ಹೊಯ್ಸಳರಾದ ಕ್ರಮದಲ್ಲಿಯೇ ಹವಳವಾಯಿತು. ಕರಿಮಣಿಯ ನಡುವೆ ಹವಳವನ್ನು ಪೋಣಿಸುವ ವಾಡಿಕೆ ಕನ್ನಡಿಗರಲ್ಲಿ ಇಂದಿಗೂ ಉಂಟು.

ಆ ಹವಳವು ಕನ್ನಡ ಕರಾವಳಿಯದಲ್ಲ. ಒಡವೆಗೆ ಸಲ್ಲುವ ಕೆಂಪು ಹವಳದ ಪ್ರಾಚೀನವಾದ ಆಕರವು ಮೆಡಿಟರೇನಿಯನ್ ಸಮುದ್ರ. ಕ್ರಿ. ಶ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ಭರುಕಚ್ಛಕ್ಕೂ ಮಲೆಯಾಳದ ರೇವುಗಳಿಗೂ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನು ಎಣಿಸುತ್ತದೆ. ಅದೇ ಶತಮಾನದ ರೋಮನ್ ಪಂಡಿತ ಪ್ಲಿನಿಯು, ರೋಮನರಿಗೆ ಮುತ್ತು ಎಂತೋ ಭಾರತೀಯರಿಗೆ ಹವಳವು ಅಂತೆಂದೂ, ಈ ಬೇಡಿಕೆಯ ದೆಸೆಯಿಂದ ಅದು ತಾನು ಹುಟ್ಟುವೆಡೆಯಲ್ಲಿಯೇ ದುರ್ಲಭವಾಯಿತೆಂದೂ ತಿಳಿಸುತ್ತಾನೆ. ವಾಣಿಜ್ಯದಿಂದ ಒಂದು ಜೀವಿ ಕ್ಷಯಿಸಿದುದಕ್ಕೆ ಇಷ್ಟು ಹಳೆಯ ಸಾಕ್ಷ್ಯ ದೊರೆಯುವುದು ವಿರಳ. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದರಲ್ಲಿ ಅಯ್ಯಾವೊಳೆಯ ಐನೂರ್ವರು ಮಾರುತ್ತಿದ್ದ ರತ್ನಗಳ ಸಾಲಿನಲ್ಲಿ ಹವಳವೂ ಸೇರಿದೆ. ಅರಸೀಕೆರೆ ತಾಲ್ಲೂಕಿನ ಹೊಯ್ಸಳಕಾಲದ ಶಾಸನವೊಂದು, ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯೊಬ್ಬನನ್ನು ಸ್ತುತಿಸುತ್ತದೆ. ಹವಳವೂ ಇಂತಹ ವರ್ತಕರ ಕೈಯಿಂದಲೇ ಘಟ್ಟವನ್ನೇರಿರಬೇಕು.

ಸಂಸ್ಕೃತದಲ್ಲಿ ಹವಳಕ್ಕೆ ವಿದ್ರುಮವೆಂದೂ ಹೆಸರು. ಅದನ್ನು ಮರವೆಂದು ಭಾವಿಸಿದುದರ ಗುರುತು ಇದು. ಅದು ಪ್ರಾಣಿಯೆಂದು ಫ್ರಾನ್ಸಿನ ಪೇಸೊನೆಲನು 18ನೆಯ ಶತಮಾನದಲ್ಲಿ ಪ್ರತಿಪಾದಿಸಿದನು. ಆದರೆ ಕೆಂಪು ಹವಳವು ದಿಬ್ಬಗಳನ್ನು ಕಟ್ಟುವುದಿಲ್ಲ. ಮಂದಬೆಳಕಿನ ಬಂಡೆಗಳಲ್ಲಿ, ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಮೆಯಾಗಿ ದಪ್ಪವೇರುತ್ತದೆ. ದಿಬ್ಬ ಕಟ್ಟುವ ಹವಳಗಳ ಜಾತಿಯೇ ಬೇರೆ. ಅವು ಮೈಯೊಳಗಿನ ಸೂಕ್ಷ್ಮ ಪಾಚಿಯ ಆಧಾರದಿಂದ ಬದುಕಿ, ಬಿಸಿಲು ತಲಪುವ ಬೆಚ್ಚನೆಯ ನೀರಿನಲ್ಲಿ ಸುಣ್ಣದ ಗೂಡನ್ನು ಬೆಳೆಸುತ್ತವೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿಯ ಸುತ್ತ ಇರುವುವು ಇವೇ. ಲಕ್ಷದ್ವೀಪಗಳ ನೆಲವನ್ನು ಕಟ್ಟಿದುವೂ ಇವೇ. ಅವುಗಳಲ್ಲಿ ಅಮಿನಿದೀವಿ ಗುಂಪು ಟಿಪ್ಪುಸುಲ್ತಾನನ ವಶದಲ್ಲಿದ್ದು, 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಹೀಗೆ ಕನ್ನಡಿಗರು ಮೈಮೇಲೆ ಧರಿಸಿದುದು ಪರದೇಶದ ಹವಳ; ತಮ್ಮ ಕಡಲಿನ ಹವಳಕ್ಕೆ ಬೇರೊಂದು ಹೆಸರನ್ನೂ ಇಡಲಿಲ್ಲ.

ಈಗ ಎರಡಕ್ಕೂ ಕೇಡು ಒದಗಿದೆ, ಕಾರಣಗಳು ಮಾತ್ರ ಬೇರೆ. ಕೆಂಪು ಹವಳವು ಅತಿಯಾಗಿ ಕೀಳಲ್ಪಟ್ಟು, ಮೆಡಿಟರೇನಿಯನ್ನಿನಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ದಿಬ್ಬದ ಹವಳಗಳಿಗೆ ಕಡಲು ಕಾಯುವುದೇ ಮೃತ್ಯು: ನೀರಿನ ಬಿಸಿಯೇರಿದರೆ ಅವು ಪಾಚಿಯನ್ನು ಹೊರದೂಡಿ ಬಿಳಿಚಿ ಸಾಯುತ್ತವೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಲೋಕದ ದಿಬ್ಬ ಕಟ್ಟುವ ಹವಳಗಳಲ್ಲಿ ನೂರಕ್ಕೆ 44 ಜಾತಿಗಳು ಅಳಿವಿನ ಭಯದಲ್ಲಿವೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2024ರಲ್ಲಿ ಗಣಿಸಿತು. ಭಾರತದಲ್ಲಿ ಇಂತಹ ಹವಳಗಳೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಲಾಯಿತು.