ಕುಬಸಕ್ಕೂ ಮೊದಲಿನ ತಿಂಗಳುಗಳು

ಮಗು ಹುಟ್ಟಿದ ಐದನೆಯ ರಾತ್ರಿ ಸೆಟಗವ್ವ ಬಂದು ಹಣೆಬರಹ ಬರೆದು ಹೋಗುತ್ತಾಳೆ ಎಂಬುದು ಉತ್ತರ ಕರ್ನಾಟಕದ ಹಳೆಯ ನಂಬಿಕೆ. ಅಡರಕಟ್ಟಿಯಂಥ ಊರುಗಳಿರುವ ಲಕ್ಷ್ಮೇಶ್ವರ ಸೀಮೆಯೂ ಇದೇ ನಂಬಿಕೆಯ ನಾಡು. ಆದರೆ ಆ ಹಣೆಯ ಹಿಂದಿನ ಮಿದುಳು ಎಂಟು ತಿಂಗಳ ಮೊದಲೇ ರೂಪು ತಾಳಲು ತೊಡಗಿರುತ್ತದೆ. ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಜೀವಕೋಶಗಳ ತೆಳುವಾದ ಹಾಸೊಂದು ನಡುವೆ ತಗ್ಗಾಗಿ, ಎರಡೂ ಅಂಚುಗಳು ಎದ್ದು ಕೂಡಿಕೊಂಡು ಕೊಳವೆಯಾಗುತ್ತವೆ. ಇದೇ ನರನಾಳ. ಇದರ ಮೇಲ್ತುದಿ ಮಿದುಳಾದರೆ ಉಳಿದ ಭಾಗ ಬೆನ್ನುಹುರಿ. ಸುಮಾರು 28ನೆಯ ದಿನಕ್ಕೆ ಈ ನಾಳ ಮುಚ್ಚಿಕೊಂಡಿರಬೇಕು. ಆ ಹೊತ್ತಿಗೆ ಹೆಣ್ಣುಮಗಳ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ.

ಊರಿಗೆ ಸುದ್ದಿ ತಿಳಿಯುವುದು ಇನ್ನೂ ಎಷ್ಟೋ ತಡವಾಗಿ. ಮೊದಲ ಮೂರು ತಿಂಗಳು ದೃಷ್ಟಿಯ ಭಯಕ್ಕೆ ಮನೆಯವರು ಬಾಯಿ ಬಿಡುವುದಿಲ್ಲ. ಐದನೆಯ ಇಲ್ಲವೇ ಏಳನೆಯ ತಿಂಗಳಲ್ಲಿ ಕುಬಸ. ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬುತ್ತಾರೆ. ಬಯಕೆಯ ಊಟಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಕರ್ಚಿಕಾಯಿ, ಹೋಳಿಗೆ. ಬಸುರಿ ಕೇಳಿದ್ದನ್ನು ಇಲ್ಲವೆನ್ನಬಾರದು ಎಂಬ ಮಾತಿಗೆ ಶಾಸ್ತ್ರದ ಬೇರೂ ಇದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಗರ್ಭವನ್ನು ತಿಂಗಳು ತಿಂಗಳಾಗಿ ವರ್ಣಿಸುತ್ತದೆ: ಮೂರನೆಯ ತಿಂಗಳು ಕೈ, ಕಾಲು, ತಲೆಯ ಐದು ಮೊಳಕೆ; ನಾಲ್ಕನೆಯದರಲ್ಲಿ ಹೃದಯ ಮತ್ತು ಚೇತನ; ಐದನೆಯದರಲ್ಲಿ ಮನಸ್ಸು; ಆರನೆಯದರಲ್ಲಿ ಬುದ್ಧಿ. ನಾಲ್ಕನೆಯ ತಿಂಗಳಿಂದ ತಾಯಿಯೊಳಗೆ ಎರಡು ಹೃದಯಗಳಿರುವುದರಿಂದ ಅವಳ ಬಯಕೆ ಮಗುವಿನದೂ ಹೌದು, ಅದನ್ನು ತೀರಿಸದಿದ್ದರೆ ಮಗುವಿಗೆ ಊನ ಎಂದು ಅದು ಎಚ್ಚರಿಸುತ್ತದೆ.

ಕುಬಸವನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಅನ್ಯಾಯ. ಮಳೆ ನಂಬಿದ ಬಯಲುಸೀಮೆಯ ಮನೆಗಳಲ್ಲಿ ಸೊಸೆ ಎಲ್ಲರ ಊಟ ಮುಗಿದ ಮೇಲೆ ಉಣ್ಣುವುದೇ ರೂಢಿಯಾಗಿದ್ದಾಗ, ಅವಳಿಗೇ ಮೊದಲ ತುತ್ತು ಕೊಡಿಸಿದ ಪದ್ಧತಿಯಿದು. ವೇಳೆಯೂ ತಪ್ಪಲ್ಲ. ಇಪ್ಪತ್ತನೆಯ ವಾರದಲ್ಲಿ ಮಿದುಳಿನ ಮೇಲ್ಮೈ ಇನ್ನೂ ಹೆಚ್ಚುಕಡಿಮೆ ನುಣುಪಾಗಿಯೇ ಇರುತ್ತದೆ. ಮಡಿಕೆಗಳು ಮೂಡಿ ತೂಕ ಏರುವುದು ಕೊನೆಯ ಮೂರು ತಿಂಗಳಲ್ಲಿ. ಹುಟ್ಟುವಾಗ ಅದರ ತೂಕ ಸುಮಾರು 350 ಗ್ರಾಂ. ಮದ್ರಾಸ್ ಐಐಟಿಯ ವಿಜ್ಞಾನಿಗಳು 2024ರಲ್ಲಿ ಹೊರತಂದ ‘ಧರಣಿ’ ಎಂಬ ಮಿದುಳಿನ ನಕಾಶೆ ಸೆರೆಹಿಡಿದಿರುವುದೂ ಗರ್ಭದ ನಡುವಿನ ತಿಂಗಳುಗಳನ್ನೇ: 14ರಿಂದ 24 ವಾರದೊಳಗಿನ ಭ್ರೂಣಗಳ ಮಿದುಳಿನ 5,132 ತೆಳುಪದರಗಳ ಚಿತ್ರಗಳು ಅದರಲ್ಲಿವೆ.

ಹೆರಿಗೆಯ ಹೊಣೆ ಮಾತ್ರ ಸೂಲಗಿತ್ತಿಯದಾಗಿತ್ತು. ಸ್ವಾತಂತ್ರ್ಯಕ್ಕೂ ಮುಂಚೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ತುಂಡು, ಶಿರಹಟ್ಟಿ ಸಾಂಗಲಿಯದು, ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯವು. ಆಳುವವರು ಯಾರೇ ಆದರೂ ಹಳ್ಳಿಯ ಕೂಸು ಸೂಲಗಿತ್ತಿಯ ಕೈಗೇ ಬರುತ್ತಿತ್ತು. ಇಂಥ ಹೆಂಗಸರ ಹೆಸರು ಚರಿತ್ರೆಗೆ ದಾಟಿದ್ದು ಅಪರೂಪ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು.

ಸರ್ಕಾರ ಬಸುರಿಯ ಊಟದ ಕಡೆ ನೋಡಿದ್ದು ನಿಧಾನವಾಗಿ. 1970ರಲ್ಲಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಗುಳಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಬಂತು. 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ತಿ. ನರಸೀಪುರದಲ್ಲಿ ಆರಂಭವಾಯಿತು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದರು. 2017ರ ಮಾತೃಪೂರ್ಣ ಯೋಜನೆ ಗರ್ಭಿಣಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿತು. ಕುಬಸದ ಒಂದು ದಿನದ ಊಟ ದಿನನಿತ್ಯದ ಹಕ್ಕಾದದ್ದು ಹೀಗೆ.

ಆದರೂ ಆ ಮೊದಲ 28 ದಿನ ಎಲ್ಲರ ಕೈ ಮೀರಿಯೇ ಉಳಿದಿದ್ದವು. ಅದರ ಬೆಲೆ ಎಷ್ಟೆಂದು ತೋರಿಸಿದವರು ದಾವಣಗೆರೆಯ ವೈದ್ಯರು. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು ಅಲ್ಲಿನ ಹೆರಿಗೆಗಳನ್ನು ಪರಿಶೀಲಿಸಿ, 1980ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ನರನಾಳದ ದೋಷ ಸಾವಿರ ಹೆರಿಗೆಗೆ 11ಕ್ಕೂ ಹೆಚ್ಚು ಎಂದು ವರದಿ ಮಾಡಿದರು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ನಾಳದ ಮೇಲ್ತುದಿ ಮುಚ್ಚದ ಕೂಸು ಬದುಕುವುದಿಲ್ಲ. ಕೆಳತುದಿ ಮುಚ್ಚದಿದ್ದರೆ ಬೆನ್ನಮೇಲೆ ಗಂಟು ಹೊತ್ತು ಹುಟ್ಟುತ್ತದೆ. ಇಂಥ ಹುಟ್ಟಿಗೆ ಗ್ರಹಣವನ್ನೋ ತಾಯಿಯ ಕರ್ಮವನ್ನೋ ಹೊಣೆ ಮಾಡಿದ್ದ ಊರುಗಳಲ್ಲಿ ಆ ತಾಯಂದಿರು ಉಂಡ ನೋವು ಯಾವ ಲೆಕ್ಕದಲ್ಲೂ ಸೇರಿಲ್ಲ.

ಈ ದೋಷವನ್ನು ತಡೆಯುವುದು ಹೇಗೆಂಬುದಕ್ಕೆ 1991ರಲ್ಲಿ ಉತ್ತರ ಸಿಕ್ಕಿತು. ಏಳು ದೇಶಗಳ 33 ಕೇಂದ್ರಗಳಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪರೀಕ್ಷೆ ಮುಗಿದಿತ್ತು. ಮೊದಲೊಮ್ಮೆ ಇಂಥ ಗರ್ಭ ಹೊತ್ತವರು ಮತ್ತೆ ಬಸುರಾಗುವ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ದೋಷ ಮರುಕಳಿಸುವ ಸಾಧ್ಯತೆ ಶೇ. 72ರಷ್ಟು ಕುಗ್ಗುತ್ತದೆ ಎಂದು ಅದು ತೋರಿಸಿತು.

ಮುಂಚಿನಿಂದಲೇ ಎಂಬುದೇ ಇಲ್ಲಿನ ಕಠಿಣ ಭಾಗ. ಬೆಳಗಾವಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೂ ಪಾಲ್ಗೊಂಡ, ಗ್ವಾಟೆಮಾಲಾ, ಕಾಂಗೋ ಮತ್ತು ಪಾಕಿಸ್ತಾನದಲ್ಲೂ ನಡೆದ ‘ವಿಮೆನ್ ಫಸ್ಟ್’ ಅಧ್ಯಯನ ಈ ಪ್ರಶ್ನೆಯನ್ನೇ ಮುಂದುವರಿಸಿತು. ಗರ್ಭ ಕಟ್ಟುವ ಮೂರು ತಿಂಗಳ ಮೊದಲೇ ಪೌಷ್ಟಿಕ ಆಹಾರ ಕೊಡಲು ತೊಡಗಿದ ಗುಂಪಿನಲ್ಲಿ, ಏನೂ ಕೊಡದ ಗುಂಪಿಗಿಂತ ಕೂಸುಗಳು ಉದ್ದವಾಗಿ ಹುಟ್ಟಿದವು ಎಂದು 2019ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಸರ್ಕಾರದ ಕಾರ್ಯಕ್ರಮವೂ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಈಗ ಮದುವೆಗೂ ಮುಂಚೆ, ಹೈಸ್ಕೂಲಿಗೆ ಹೋಗುವ ಹುಡುಗಿಗೆ ವಾರಕ್ಕೊಂದು ನೀಲಿ ಗುಳಿಗೆ ಕೊಡುವಲ್ಲಿಗೆ ಬಂದು ನಿಂತಿದೆ.