ಸೀಟು ಹೊಲಿದ ಕೈ

ಕೋಲಾರದ ಚಿನ್ನದ ಗಣಿಯ ಚರಿತ್ರೆ 1880ರ ಜಾನ್ ಟೇಲರ್ ಕಂಪನಿಯಿಂದ ಶುರುವಾಗಿ, ಗಣಿ ಮುಚ್ಚಿದ 2001ರ ಫೆಬ್ರವರಿ 28ಕ್ಕೆ ನಿಲ್ಲುತ್ತದೆ. ಗಣಿಗೆ ಇಳಿದವರಲ್ಲಿ ಬಹುಪಾಲು ದಲಿತರು. ಆದರೂ ಲೆಕ್ಕಕ್ಕೆ ಸಿಕ್ಕಿದ್ದು ಚಿನ್ನ. ಗಣಿಯ ಹೊರಗೆ ತೊಗಲು ಹದಮಾಡಿದವರಂತೂ ಲೆಕ್ಕಕ್ಕೇ ಇಲ್ಲ.

ಬಂಗಾರಪೇಟೆ ಸೀಮೆಯ ಹಳ್ಳಿಗಳಲ್ಲಿ ಬಾವಿ ನೀರು ಹೊಲಕ್ಕೆ ಹತ್ತಿದ್ದೇ ತೊಗಲಿನಿಂದ. ಮಾದಿಗರು ಸತ್ತ ದನ ಸುಲಿದು, ಸುಣ್ಣದಲ್ಲಿ ನೆನೆಸಿ, ತಂಗಡಿ ಚಕ್ಕೆಯಲ್ಲಿ ಹದಮಾಡಿ, ಕಪಿಲೆಗೆ ಚೀಲ, ಮಿಣಿ ಮಾಡಿಕೊಟ್ಟರು. ಆ ನೀರಲ್ಲಿ ಬೆಳೆದದ್ದನ್ನು ಉಂಡ ಊರು ಅವರನ್ನು ಬಾವಿ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಪಂಪ್‌ಸೆಟ್ ಬಂತು, ಕಪಿಲೆ ಹೋಯಿತು. ಮೈಲಿಗೆ ಹೋಯಿತೆ?

ಆಮೇಲೆ ಬಂದದ್ದು ಮೋಟಾರ್ ಸೈಕಲ್ಲು. 1955ರಿಂದ ಮದರಾಸಿನ ಬುಲೆಟ್, 1961ರಿಂದ ಮೈಸೂರಿನ ಜಾವಾ. ಈಗ ದುಡ್ಡಿದ್ದವರು ರೆಕ್ಸಿನ್ ಕಿತ್ತು ಕೈಹೊಲಿಗೆಯ ಚರ್ಮದ ಸೀಟು ಹಾಕಿಸುತ್ತಾರೆ. ಸುಲಭದ ಕೆಲಸವಲ್ಲ. ಸ್ಪಂಜು ಸವಾರನ ಮೈಗೆ ತಕ್ಕಂತೆ ಕೊರೆಯಬೇಕು. ಚರ್ಮ ಯಾವ ಕಡೆ ಹಿಗ್ಗುತ್ತೆ ಅಂತ ಬೆರಳಿಗೆ ಗೊತ್ತಿರಬೇಕು. ಹೊಲಿಗೆ ತೂತಲ್ಲಿ ಮಳೆನೀರು ಇಳಿಯಬಾರದು. ನೀರು ಸೋರದ ಚೀಲ ಹೊಲಿದವರಿಗೆ ಇದೇನು ಹೊಸ ವಿದ್ಯೆಯೆ? ಆದರೆ ನಗರದ ಗಾಜಿನ ಅಂಗಡಿಯಲ್ಲಿ ಇದು 'ಕಲೆ', ಕೇರಿಯಲ್ಲಿ 'ಕುಲಕಸುಬು'. ಬೆಲೆ ಅಲ್ಲಿಗೆ, ಬೈಗುಳ ಇಲ್ಲಿಗೆ.

ಹಳೇ ಕಸುಬಿಗೆ ವಾಪಸು ಹೋಗಿ ಅಂತ ನಾನು ಹೇಳುತ್ತಿಲ್ಲ. ಗಣಿ ಮುಚ್ಚಿದ ಮೇಲೆ ಬೆಳಗ್ಗೆ ಬೆಂಗಳೂರಿನ ರೈಲು ಹಿಡಿಯುವ ನಮ್ಮ ಹುಡುಗರು ಚರ್ಮ ಹೊಲಿಯಲಿ, ಬಿಡಲಿ, ಅದು ಅವರ ಇಷ್ಟ. ನಮ್ಮ ವಿಮರ್ಶೆ ಕೇಳಬೇಕಾದ್ದು ಇಷ್ಟೆ: ವಿದ್ಯೆಯನ್ನು ಇಟ್ಟುಕೊಂಡು ವಿದ್ಯಾವಂತನನ್ನು ಹೊರಗಿಟ್ಟ ಈ ಚರಿತ್ರೆಯನ್ನು ಯಾರು ಬರೆದರು?